ಅರ್ಥ ಹೇಳುವವಳನ್ನು ಕೂರಿಸಿದ ಸಭೆ

ಪ್ರಿಯರೇ, ಪವಿತ್ರಾತ್ಮನು ಕೊಡುವ ವರಗಳ ವಿಷಯವನ್ನು ಮೂರು ವಾರದಿಂದ ಕೇಳುತ್ತಿದ್ದೀರಿ. ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ನಿಮ್ಮಲ್ಲಿ ನಾಲ್ಕೈದು ಜನ ನನ್ನ ಹತ್ತಿರ ಬಂದಿರಿ. "ಅಯ್ಯನವರೇ, ನನಗಿರುವ ವರ ಯಾವುದು ಅಂತ ತಿಳಿಯೋದು ಹೇಗೆ? ಅದಕ್ಕೊಂದು ಫಾರಂ ಇದೆಯಂತಲ್ಲ, ತರಿಸಿಕೊಡಿ" ಎಂದಿರಿ. ಇದೆ, ಫಾರಂ ಇದೆ. ಹಿಂದೆ ನಾನಿದ್ದ ಸಭೆಯಲ್ಲಿ ಇನ್ನೂರು ಜನರ ಕೈಯಲ್ಲಿ ಅದನ್ನು ತುಂಬಿಸಿದ್ದೇನೆ. ಆಮೇಲೆ ಏನಾಯಿತು ಎಂಬುದನ್ನು ಇವತ್ತು ಹೇಳುತ್ತೇನೆ. ಕೇಳಿ ಸಂತೋಷಪಟ್ಟು ಮನೆಗೆ ಹೋಗುವ ಕಥೆ ಇದಲ್ಲ. ಹೇಳಲು ನನಗೂ ಇಷ್ಟವಿಲ್ಲ. ಆದರೂ ಹೇಳುತ್ತೇನೆ.

ಉತ್ತರದ ಬಯಲು ನಾಡಿನ ಒಂದು ಊರು. ಅಲ್ಲಿಯ ಸಭೆಯಲ್ಲಿ ಜೀವರತ್ನಪ್ಪ ಎಂಬ ಶ್ರೀಮಂತರಿದ್ದರು. ಎಣ್ಣೆ ಮಿಲ್ಲಿನ ಮಾಲೀಕರು, ಸಭೆಯ ಹಿರಿಯರು. ಕೆಟ್ಟವರೆಂದು ತಿಳಿಯಬೇಡಿ. ದೇವಾಲಯದ ಹೆಂಚು ಬದಲಿಸಿದವರು ಅವರೇ. ಗೋಡೆಯ ಎರಡೂ ಕಡೆ ಆಳೆತ್ತರದ ಸ್ಪೀಕರು ನಿಲ್ಲಿಸಿದವರೂ ಅವರೇ. "ದೇವರ ವಾಕ್ಯ ಒಬ್ಬರಿಗೂ ಕೇಳಿಸಲಿಲ್ಲ ಅನಬಾರದು ನೋಡ್ರಿ" ಎನ್ನುತ್ತಿದ್ದರು.

ಅದೇ ಸಭೆಯಲ್ಲಿ ಹನೋಕ ಎಂಬುವನೊಬ್ಬನಿದ್ದ. ನಲವತ್ತು ವರ್ಷ. ನೋಟುಬುಕ್ಕು ಹೊಲಿಯುವ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ. ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಿವುಡರ ಶಾಲೆಯಲ್ಲಿ ಕೈಸನ್ನೆಯ ಮಾತು ಕಲಿತಿದ್ದ, ಮನೆಯಲ್ಲಿ ಅದು ಯಾರಿಗೂ ಬರುತ್ತಿರಲಿಲ್ಲ. ಅಣ್ಣ ಅತ್ತಿಗೆಯ ಜೊತೆ ಆರಾಧನೆಗೆ ಬರುತ್ತಿದ್ದ. ಎಲ್ಲರೂ ಎದ್ದಾಗ ಏಳುತ್ತಿದ್ದ, ಕೂತಾಗ ಕೂರುತ್ತಿದ್ದ. ಮೂವತ್ತು ವರ್ಷ ಹಾಗೆ ಬಂದಿದ್ದಾನೆ, ಯೋಚನೆ ಮಾಡಿ. ಒಂದು ಮಾತೂ ತಿಳಿಯದ ಜಾಗಕ್ಕೆ ನೀವು ಮೂವತ್ತು ವರ್ಷ ಹೋಗುತ್ತಿದ್ದಿರಾ? ಪ್ರಸಂಗ ಒಂದು ಗಂಟೆ ಮೀರಿದರೆ ಗಡಿಯಾರ ನೋಡುತ್ತೀರಿ.

ಆ ಸಭೆಗೆ ಸಲೋಮವ್ವ ಎಂಬಾಕೆ ಮದುವೆಯಾಗಿ ಬಂದಳು. ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಹೆಂಗಸು. ಅವಳ ತಂಗಿಯೊಬ್ಬಳು ಕಿವುಡಿಯಾಗಿದ್ದಳು, ತೀರಿಕೊಂಡಿದ್ದಳು. ತಂಗಿ ಶಾಲೆಯಲ್ಲಿ ಕಲಿತ ಕೈಮಾತನ್ನೆಲ್ಲ ಇವಳೂ ಕಲಿತಿದ್ದಳು. ಒಂದು ಭಾನುವಾರ ಈಕೆ ಹನೋಕನನ್ನು ನೋಡಿದಳು, ಏನೋ ಕೈಮಾಡಿ ಕೇಳಿದಳು. ಆ ಮನುಷ್ಯ ನಿಂತಲ್ಲೇ ಅಳತೊಡಗಿದ. ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಅವಳು ಕೇಳಿದ್ದು ಇಷ್ಟೇ, "ಊಟ ಆಯಿತಾ?"

ಅಂದಿನಿಂದ ಸಲೋಮವ್ವ ಮುಂದಿನ ಸಾಲಿನ ಪಕ್ಕದಲ್ಲಿ, ಹನೋಕನಿಗೆ ಎದುರಾಗಿ ನಿಂತು ಇಡೀ ಆರಾಧನೆಯನ್ನು ಕೈಯಲ್ಲಿ ಹೇಳತೊಡಗಿದಳು. ಹಾಡು, ಪ್ರಾರ್ಥನೆ, ನನ್ನ ಪ್ರಸಂಗ, ಎಲ್ಲವನ್ನೂ. ಯಾರೂ ಹೇಳಿರಲಿಲ್ಲ, ಯಾರೂ ನೇಮಿಸಿರಲಿಲ್ಲ. ಎರಡು ತಿಂಗಳಾಗಿರಬೇಕು, ಹನೋಕ ಅವಳನ್ನು ಕರೆದುಕೊಂಡು ನನ್ನ ಮನೆಗೆ ಬಂದ. ಅವನು ಕೈಯಾಡಿಸಿದ, ಅವಳು ಹೇಳಿದಳು:

"ಅಯ್ಯನವರ, ಕರ್ತನ ಭೋಜನದ ರೊಟ್ಟಿ ತನ್ನ ಮುಂದಿಂದ ದಾಟಿ ಹೋಗ್ತೈತೆಲ್ಲ, ಅದು ಯಾಕ ಅಂತ ಕೇಳಾಕತ್ತಾನ. ತಾ ಏನ್ ಪಾಪ ಮಾಡೀನಿ ಅಂತ."

ಕಾರಣ ಏನು ಗೊತ್ತಾ? ಹದಿನಾರನೆಯ ವಯಸ್ಸಿನಲ್ಲಿ, ಭೋಜನಕ್ಕೆ ಸೇರಿಸಿಕೊಳ್ಳುವ ಮೊದಲು ಕೇಳುವ ದೃಢೀಕರಣದ ಪ್ರಶ್ನೆಗಳಿಗೆ ಅವನು ಉತ್ತರ ಹೇಳಿರಲಿಲ್ಲ. ಅಂದಿನ ಪಾದ್ರಿಗಳು ಬಿಟ್ಟುಬಿಟ್ಟಿದ್ದರು. ಆಮೇಲೆ ಎಲ್ಲರೂ ಮರೆತರು. ನಾನು ಹೇಳಿದೆ, "ನೀ ಏನೂ ಪಾಪ ಮಾಡಿಲ್ಲಪ್ಪ. ಬರೋ ತಿಂಗಳಿಂದ ಪಾಠ ಶುರು ಮಾಡೋಣು. ಸಲೋಮವ್ವ ಕೈಲೆ ಹೇಳ್ಲಿ. ಹಬ್ಬಕ್ಕ ನೀನೂ ಕರ್ತನ ಮೇಜಿಗೆ ಬಾ." ಅವನು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ.

ಅಷ್ಟರಲ್ಲಿ ನಮ್ಮ ಸಭೆಯಲ್ಲಿ ವರಗಳ ಶಿಬಿರ ನಡೆಯಿತು.

ಹೊರಗಿನಿಂದ ಒಬ್ಬ ಪ್ರಸಂಗಿ ಬಂದರು. ಫಾರಂ ಹಂಚಿದರು, ಎಂಬತ್ತು ಪ್ರಶ್ನೆ. ಸಂಜೆಗೆ ಹೆಸರಿನ ಮುಂದೆ ವರ ಬರೆದು ಗೋಡೆಗೆ ಅಂಟಿಸಿದೆವು. ಎಂಥ ಸಡಗರ! ಬೋಧಿಸುವ ವರ ಮೂವತ್ತೊಂದು ಜನರಿಗೆ. ಪ್ರವಾದನೆ ಹದಿನೇಳು ಜನರಿಗೆ. ನಡೆಸುವ ವರ, ಅಂದರೆ ನಾಯಕತ್ವ, ಅದಂತೂ ಕಮಿಟಿಯಲ್ಲಿದ್ದ ಪ್ರತಿಯೊಬ್ಬರಿಗೂ ಬಂದಿತ್ತು! ಜೀವರತ್ನಪ್ಪನವರಿಗೆ ಅನ್ಯಭಾಷೆಗಳ, ಅಂದರೆ ಪ್ರಾರ್ಥನೆಯ ಆವೇಶದಲ್ಲಿ ಬಾಯಿಗೆ ಬರುವ ಯಾರಿಗೂ ತಿಳಿಯದ ಮಾತುಗಳ, ಅರ್ಥ ಹೇಳುವ ವರ ಎಂದು ಬಂತು. ಅವರು ಕಣ್ಣು ತುಂಬಿಕೊಂಡು ಮೈಕಿನಲ್ಲಿ ಸಾಕ್ಷಿ ಹೇಳಿದರು. ನಾವು ಚಪ್ಪಾಳೆ ತಟ್ಟಿದೆವು. ಆ ವೇಳೆಗೆ ಸಲೋಮವ್ವ ಹಿಂದೆ ಅಡಿಗೆಮನೆಯಲ್ಲಿ ಇನ್ನೂರು ಜನರ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೆ ಫಾರಂ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಕೆಲವರು ಅನ್ಯಭಾಷೆಯಲ್ಲಿ ಪ್ರಾರ್ಥಿಸುವುದು, ಜೀವರತ್ನಪ್ಪನವರು ಎದ್ದು ಅರ್ಥ ಹೇಳುವುದು, ಇದೊಂದು ಕ್ರಮವಾಯಿತು. ಆದರೆ ಜನ ಯಾರನ್ನು ನೋಡುತ್ತಿದ್ದರು? ಪಕ್ಕದಲ್ಲಿ ನಿಂತು ಕೈಯಾಡಿಸುತ್ತಿದ್ದ ರೊಟ್ಟಿ ಬಡಿಯುವ ಹೆಂಗಸನ್ನು. ಒಂದು ದಿನ ಜೀವರತ್ನಪ್ಪನವರು ನನ್ನ ಕೋಣೆಗೆ ಬಂದರು.

"ಅಯ್ಯನವರ, ಆಕಿ ಕೈ ತಿರುವೂದು ನಾಟಕ ಆದಂಗ ಆಗೇತ್ರಿ. ಪೀಠದ ಕಡೆ ಒಬ್ಬರ ಕಣ್ಣೂ ಇರೂದಿಲ್ಲ. ಆತ್ಮನ ಕೆಲಸಕ್ಕ ಅಡ್ಡಿ ಆಕ್ಕೈತಿ. ಒಬ್ಬ ಮೂಗನ ಸಲುವಾಗಿ ಇಡೀ ಸಭಾ ಯಾಕ ಕೆಡಿಸಬೇಕು?"

ನಾನು ಏನು ಹೇಳಬೇಕಾಗಿತ್ತು? ನೀವೇ ಹೇಳಿ. ಇಲ್ಲಿ ಕೂತು ಕೇಳುವಾಗ ಎಲ್ಲರಿಗೂ ಉತ್ತರ ಗೊತ್ತು. ಆ ದಿನ ಅವರು ನನ್ನ ಎದುರು ಕುರ್ಚಿಯಲ್ಲಿ ಕೂತಿದ್ದರು, ಎದ್ದು ಹೋಗುತ್ತಿರಲಿಲ್ಲ. ಕಮಿಟಿಯಲ್ಲಿ ಅರ್ಧ ಜನ ಅವರ ಕಡೆಯವರು. ನಾನು ಸಲೋಮವ್ವನನ್ನು ಕರೆಸಿದೆ. "ಸ್ವಲ್ಪ ದಿನ ಬ್ಯಾಡವ್ವಾ. ನೀನೂ ಎಲ್ಲಾರಂಗ ಕುಂತು ಆರಾಧನಿ ಮಾಡು" ಎಂದೆ. ಎಷ್ಟು ಮೆತ್ತಗೆ ಹೇಳಿದೆ ಗೊತ್ತಾ? ಕೆಟ್ಟ ಕೆಲಸಗಳನ್ನು ನಾವು ಸಭೆಯಲ್ಲಿ ಬಹಳ ಮೆತ್ತಗೆ ಮಾಡುತ್ತೇವೆ.

ಅವಳು ಒಂದೇ ಮಾತು ಕೇಳಿದಳು, "ಅವಂಗ ಯಾರು ಹೇಳ್ತಾರ್ರಿ?"

"ನೋಡೋಣು" ಎಂದೆ.

ಮುಂದಿನ ಭಾನುವಾರ ಸಲೋಮವ್ವ ಕೂತಳು. ಹನೋಕ ಅವಳನ್ನೇ ನೋಡಿದ. ಅವಳು ಕೈ ಸೆರಗಿನೊಳಗೆ ಇಟ್ಟುಕೊಂಡು ತಲೆ ತಗ್ಗಿಸಿದಳು. ಅವನು ನನ್ನ ತುಟಿ ನೋಡಿದ, ಜೀವರತ್ನಪ್ಪನವರ ತುಟಿ ನೋಡಿದ, ಮತ್ತೆ ಅವಳ ಕಡೆ ತಿರುಗಿದ. ನಾಲ್ಕು ಭಾನುವಾರ ಹೀಗೆ ಬಂದ, ಐದನೆಯದಕ್ಕೆ ಬರಲಿಲ್ಲ. ಪಾಠ ಶುರುವಾಗಲೇ ಇಲ್ಲ. ಹಬ್ಬ ಬಂತು, ಹೋಯಿತು. ಸಲೋಮವ್ವ ಬರುವುದೂ ಕಡಿಮೆಯಾಯಿತು. ಸಭೆಯಲ್ಲಿ ಎಲ್ಲರ ಕಣ್ಣೂ ಪೀಠದ ಕಡೆ ತಿರುಗಿತು. ನಾವು ಗೆದ್ದೆವು, ನೋಡಿ!

ಆರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಹನೋಕನ ಅಣ್ಣನಿಂದ ಫೋನು ಬಂತು. ತಮ್ಮ ಆಸ್ಪತ್ರೆಯಲ್ಲಿದ್ದಾನೆ ಎಂದ. ಹನೋಕ ಮೂರು ದಿನ ಹೊಟ್ಟೆ ಹಿಡಿದುಕೊಂಡು ಓಡಾಡಿದ್ದನಂತೆ. ಅಜೀರ್ಣವೆಂದು ಸೋಡಾ ಕುಡಿಸಿದ್ದರು. ಒಳಗೆ ಕರುಳು ತೂತಾಗಿತ್ತು. ಕರೆತರುವಷ್ಟರಲ್ಲಿ ಕಾಲ ಮೀರಿತ್ತು, ಡಾಕ್ಟರು ಆಸೆ ಬಿಟ್ಟಿದ್ದರು. ನಾನು ಹೊರಟೆ. ಜೀವರತ್ನಪ್ಪನವರು ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರು.

ದಾರಿಯಲ್ಲಿ ಸಲೋಮವ್ವನ ಮನೆ. ನಿಜ ಹೇಳುತ್ತೇನೆ, ನನಗೆ ನೆನಪಾಯಿತು. ಕಾರು ನಿಲ್ಲಿಸಿ ಎನ್ನಲು ಬಾಯಿ ತೆರೆದೆ. ಯಾವ ಮುಖ ಇಟ್ಟುಕೊಂಡು ಕರೆಯಲಿ? ಪಕ್ಕದಲ್ಲಿ ಕೂತವರು ಏನೆನ್ನುತ್ತಾರೆ? ಕಾರು ಮುಂದೆ ಹೋಯಿತು.

ಹನೋಕನಿಗೆ ಎಚ್ಚರವಿತ್ತು. ನಮ್ಮನ್ನು ನೋಡಿ ಮುಖ ಅರಳಿತು. ನಾನು ಪ್ರಾರ್ಥಿಸಿದೆ, ಬಹಳ ಹೊತ್ತು. ಬಹಳ ಚೆನ್ನಾಗಿ ಪ್ರಾರ್ಥಿಸಿದೆ ಎಂದು ಅವನ ಅಣ್ಣ ಆಮೇಲೆ ಹೇಳಿದ. ಕಣ್ಣು ಬಿಟ್ಟಾಗ ಹನೋಕ ನನ್ನ ಬಾಯಿಯನ್ನೇ ನೋಡುತ್ತಿದ್ದ. ಬೆರಳನ್ನು ತುಟಿಯ ಹತ್ತಿರದಿಂದ ಮುಂದಕ್ಕೆ ತಂದ, ಆಮೇಲೆ ಅಂಗೈ ಮೇಲಕ್ಕೆ ತೆರೆದು ಹಿಡಿದ. ಮತ್ತೆ ಹಾಗೇ ಮಾಡಿದ, ಮತ್ತೆ ಮಾಡಿದ.

"ನೀರು ಬೇಕೇನೋ" ಎಂದು ನಾನು ಚಮಚದಲ್ಲಿ ನೀರು ಹಿಡಿದೆ. ತಲೆ ಅಲ್ಲಾಡಿಸಿದ. ಮತ್ತೆ ಬೆರಳು, ಮತ್ತೆ ಅಂಗೈ.

"ಏನಂತಾನವ್ವಾ?" ಎಂದು ಅತ್ತಿಗೆಯನ್ನು ಕೇಳಿದೆ. "ನಮಗೇನು ತಿಳೀತೈತ್ರಿ" ಎಂದಳು. ಮೂವತ್ತು ವರ್ಷ ಒಂದೇ ಮನೆ.

ಆಗ ಜೀವರತ್ನಪ್ಪನವರು ಕೈ ಮುಗಿದು ಕಣ್ಣು ಮುಚ್ಚಿದರು. "ನನಗ ತಿಳೀತ್ರಿ ಅಯ್ಯನವರ. ಕರ್ತನು ಕರದಾನ, ನಾ ನನ್ನ ಒಪ್ಪಿಸ್ತೀನಿ ಅನ್ನಾಕತ್ತಾನ. ಪರಲೋಕ ಕಂಡೈತಿ ಅವಂಗ." ಸುತ್ತ ನಿಂತವರು ಅತ್ತರು. ನಾನೂ ಅತ್ತೆ. ಹನೋಕ ಒಬ್ಬೊಬ್ಬರ ಮುಖವನ್ನೂ ನೋಡಿದ. ಕೊನೆಗೆ ಕೈ ಇಳಿಸಿ ಗೋಡೆಯ ಕಡೆ ತಿರುಗಿ ಮಲಗಿದ. ಸೂರ್ಯ ಮುಳುಗುವ ಮೊದಲು ಹೋದ.

ಶವಸಂಸ್ಕಾರಕ್ಕೆ ದೇವಾಲಯ ತುಂಬಿತ್ತು. ಆ ಪರಲೋಕದ ದರ್ಶನದ ಮೇಲೆಯೇ ನಾನು ಪ್ರಸಂಗ ಮಾಡಿದೆ. ಪೀಠದ ಮೇಲೆ ನಿಂತು ಅವನು ಮಾಡಿದಂತೆಯೇ ಬೆರಳು ತುಟಿಯಿಂದ ತಂದು, ಅಂಗೈ ತೆರೆದು ತೋರಿಸಿದೆ. ಸಭೆಯೆಲ್ಲ ಆಮೆನ್ ಎಂದಿತು.

ಮಣ್ಣು ಮಾಡಿ ಬಂದ ಮೇಲೆ ಸಲೋಮವ್ವ ನನ್ನ ಬಾಗಿಲಲ್ಲಿ ನಿಂತಿದ್ದಳು.

"ಅಯ್ಯನವರ, ಕೈಲೆ ಮಾಡಿ ತೋರಿಸಿದ್ರೆಲ್ಲ, ಹನೋಕ ಹಂಗ ಮಾಡಿದ್ನೇನ್ರಿ? ಖರೇನ?"

"ಹೌದವ್ವಾ."

"ಎಷ್ಟ ಸಲ ಮಾಡಿದ?"

"ಎಂಟು ಹತ್ತು ಸಲ ಇರಬೇಕು."

ಅವಳು ಕಟ್ಟೆಯ ಮೇಲೆ ಕೂತಳು. "ಅದು 'ಏನಂದ್ರು' ಅಂತ್ರಿ ಅಯ್ಯನವರ. ಅಷ್ಟ. ನೀವು ಮಾತಾಡಿದ ಮ್ಯಾಲೆ, ಏನಂದ್ರು ಅಂತ ನನ್ನ ಕೇಳ್ತಿದ್ದ, ಹಂಗ. ನೀವು ಏನ್ ಪ್ರಾರ್ಥನಿ ಮಾಡಿದ್ರಿ ಅಂತ ಕೇಳ್ಯಾನ. ಹತ್ತು ಸಲ ಕೇಳ್ಯಾನ. ಒಬ್ಬರೂ ಹೇಳಲಿಲ್ಲೇನ್ರಿ ಅವಂಗ?"

"ಇಲ್ಲವ್ವಾ, ಒಬ್ಬರೂ ಹೇಳಲಿಲ್ಲ" ಎಂದೆ.

"ನನ್ನ ಮನಿ ಮುಂದ ಹಾದು ಹೋದ್ರಿ. ಬಾಗಲದಾಗ ಜೋಳ ಹಸನ ಮಾಡಾಕತ್ತಿದ್ದೆ, ಕಾರ್ ನೋಡೀನಿ" ಎಂದಳು.

"ತಪ್ಪಾತವ್ವಾ. ಬರೋ ಭಾನುವಾರದಿಂದ ನೀ ಮುಂದ ನಿಂದ್ರು. ಕಮಿಟಿಗೆ ನಾ ಹೇಳ್ತೀನಿ" ಎಂದೆ.

ಅವಳು ನನ್ನನ್ನು ನೋಡಿದ ಆ ನೋಟವನ್ನು ನಾನು ಮರೆತಿಲ್ಲ. "ಯಾರಿಗ್ರಿ?" ಎಂದಳು. ಆಮೇಲೆ ಹೇಳಿದಳು, "ನಿಮ್ಮದಷ್ಟ ತಪ್ಪಲ್ರಿ. ನೀವು ಕುಂಡ್ರು ಅಂದ್ರಿ, ನಾ ಕುಂತೆ. ಇದನ್ನ ಕೊಟ್ಟಾವ್ರು ನೀವಲ್ಲ, ಬ್ಯಾಡನ್ನಾಕ ನೀವ್ಯಾರು ಅಂತ ಕೇಳಬೇಕಾಗಿತ್ತು. ಕೇಳಲಿಲ್ಲ. ಮಂದಿಗೆ ಅಂಜಿದೆ. ಸೆರಗಿನ್ಯಾಗ ಕೈ ಇಟ್ಕೊಂಡು ಅವನ ಕಣ್ಣು ತಪ್ಪಿಸಿದಾಕಿ ನಾನ." ಎದ್ದು ಹೋದಳು. ಆ ಸಭೆಗೆ ಮತ್ತೆ ಅವಳು ಬರಲಿಲ್ಲ. ನಾನು ಎರಡು ಸಲ ಮನೆಗೆ ಹೋದೆ. ಚಹಾ ಕೊಟ್ಟು, ರೊಟ್ಟಿ ಬಡಿಯಲು ಒಳಗೆ ಹೋದಳು.

ಜೀವರತ್ನಪ್ಪನವರಿಗೂ ಹೇಳಿದೆ. "ಸಿಟ್ಟಿನ್ಯಾಗ ಹೇಳ್ಯಾಳ ಬಿಡ್ರಿ ಆಕಿ" ಎಂದರು. ಅವರು ಮುಂದಿನ ಭಾನುವಾರವೂ ಎದ್ದು ನಿಂತು ಅರ್ಥ ಹೇಳಿದರು. ಜನ ಕೇಳಿದರು. ನನಗೆ ಮರುವರ್ಷ ವರ್ಗವಾಯಿತು. ಕಥೆ ಇಷ್ಟೇ. ಕೊನೆಗಾದರೂ ಏನೋ ಒಳ್ಳೆಯದಾಯಿತು ಎಂದು ಹೇಳಿ ನಿಮ್ಮನ್ನು ಸಮಾಧಾನ ಮಾಡಲಾರೆ. ಆಗಲಿಲ್ಲ.

ನೋಡಿ, ಈಗ ನೀವು ಜೀವರತ್ನಪ್ಪನವರ ಮೇಲೆ ಸಿಟ್ಟಾಗಿದ್ದೀರಿ. ನನ್ನ ಮೇಲೂ ಆಗಿದ್ದೀರಿ, ಆಗಲೇಬೇಕು. ಆದರೆ ಸ್ವಲ್ಪ ತಡೆಯಿರಿ. ಈ ಸಭೆಯಲ್ಲಿ ಒಬ್ಬ ಆಟೋ ಓಡಿಸುವ ಸಹೋದರನಿದ್ದಾನೆ. ಪ್ರತಿ ಭಾನುವಾರ ಎರಡನೆಯ ಹಾಡು ಮುಗಿದ ಮೇಲೆ ಬರುತ್ತಾನೆ. ಬಾಗಿಲು ಕಿರ್ ಎನ್ನುತ್ತದೆ, ನೀವೆಲ್ಲ ತಿರುಗಿ ನೋಡುತ್ತೀರಿ. ಹೋದ ತಿಂಗಳು ಒಬ್ಬ ಹಿರಿಯರು ಅವನಿಗೆ ಶಿಸ್ತಿನ ಬಗ್ಗೆ ಬುದ್ಧಿ ಹೇಳಿದರು. ಅವನು ಯಾಕೆ ತಡವಾಗಿ ಬರುತ್ತಾನೆ, ಯಾರಾದರೂ ಕೇಳಿದಿರಾ? ನಡೆಯಲಾಗದ ಇಬ್ಬರು ಅಜ್ಜಿಯರನ್ನು ಎತ್ತಿ ಕೂರಿಸಿಕೊಂಡು, ಅವರ ಸಭೆಗೆ ಬಿಟ್ಟು ಬರುತ್ತಾನೆ. ನಮ್ಮ ಸಭೆಗಲ್ಲ, ಬೇರೆ ಸಭೆಗೆ! ಫಾರಂ ಕೊಟ್ಟರೆ ಅವನಿಗೆ ಯಾವ ವರ ಬರುತ್ತದೋ ನನಗೆ ಗೊತ್ತಿಲ್ಲ. ನಾವು ಅವನಿಗೆ ಕೊಟ್ಟದ್ದು ಬುದ್ಧಿವಾದ.

ಆದ್ದರಿಂದ ಫಾರಂ ತರಿಸುವುದಿಲ್ಲ, ಕ್ಷಮಿಸಿ. "ನನ್ನ ವರ ಯಾವುದು" ಎಂದು ಕೇಳಬೇಡಿ. ಕನ್ನಡಿಯ ಮುಂದೆ ನಿಂತು ಕೇಳುವ ಪ್ರಶ್ನೆ ಅದು. ಈ ವಾರ ನಿಮ್ಮ ಓಣಿಯಲ್ಲಿ, ನಿಮ್ಮ ಸಾಲಿನಲ್ಲಿ, ಏನೂ ತಿಳಿಯದೆ ಎದ್ದು ಕೂತು ಮಾಡುತ್ತಿರುವವರು ಯಾರು ಎಂದು ನೋಡಿ. ಕಣ್ಣು ಮಂಜಾದವರಿಗೆ ಓದಿ ಹೇಳಿ. ಆಸ್ಪತ್ರೆಗೆ ಒಬ್ಬರೇ ಹೋಗುವವರ ಜೊತೆ ಹೋಗಿ, ಡಾಕ್ಟರು ಹೇಳಿದ್ದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಬಿಡಿಸಿ ಹೇಳಿ. ನಿಮ್ಮ ಕೈಗೆ ಸಹಜವಾಗಿ ಬರುವ ಕೆಲಸ ಯಾರ ಕೊರತೆಯನ್ನು ತುಂಬುತ್ತದೋ, ಅಲ್ಲಿದೆ ವರ. ಅದಕ್ಕೆ ಮೈಕು ಬೇಡ.

ಹಿರಿಯರೇ, ಕಮಿಟಿಯವರೇ, ಯಾರನ್ನಾದರೂ ಕೂರಿಸುವ ಮೊದಲು ಅವರ ಎದುರು ಕೂತಿರುವವನು ಯಾರು ಎಂದು ನೋಡಿ. ಇನ್ನು, ಈಗಾಗಲೇ ಕೂರಿಸಲ್ಪಟ್ಟವರು ಇಲ್ಲಿ ಇದ್ದೀರಿ. ನಿಮಗೆ ಕಟುವಾಗಿಯೇ ಹೇಳುತ್ತೇನೆ. ಅವಮಾನವಾಯಿತೆಂದು ಮುನಿಸಿಕೊಂಡು ಕೂರುವ ಹಕ್ಕು ನಿಮಗಿಲ್ಲ. ಎದ್ದೇಳಿ. ನಾನೇ ಈ ಪೀಠದಿಂದ ಬೇಡವೆಂದರೂ ನಿಲ್ಲಿಸಬೇಡಿ.

ಈಗ ಪ್ರಾರ್ಥನೆಗೆ ಏಳೋಣ. ಏಳುವ ಮೊದಲು ಒಂದು ಕೆಲಸ. ನಿಮ್ಮ ಎಡಕ್ಕೆ, ಬಲಕ್ಕೆ ಕೂತಿರುವವರ ಹೆಸರು ಗೊತ್ತಿಲ್ಲದಿದ್ದರೆ ಕೇಳಿಕೊಳ್ಳಿ. ನಾಚಿಕೆಪಡಬೇಡಿ, ಕೇಳಿ. ವರ್ಷಗಟ್ಟಲೆ ಒಂದೇ ಬೆಂಚಿನಲ್ಲಿ ಕೂತವರ ಹೆಸರೂ ಗೊತ್ತಿಲ್ಲದೆ, ಇಷ್ಟು ದಿನ ಯಾರಿಗಾಗಿ ಪ್ರಾರ್ಥಿಸುತ್ತಿದ್ದೆವು ನಾವು?