ಕೀ ಕೊಡದ ಗಡಿಯಾರ

ಕೊಟ್ಟಿಗೆಹಾರದಾಚೆ ರಸ್ತೆಗೆ ಮರ ಬಿದ್ದು ಕಳಸದ ಬಸ್ಸು ನಿಂತುಬಿಟ್ಟಿತ್ತು. ಜಡಿಮಳೆಯ ಸಂಜೆ. ಕರೆಂಟಿಲ್ಲದ ಹೋಟೆಲಿನಲ್ಲಿ ಪ್ರಯಾಣಿಕರೆಲ್ಲ ಒಲೆಯ ಹತ್ತಿರಕ್ಕೆ ಬೆಂಚು ಎಳೆದುಕೊಂಡು ಕೂತರು. ಕವನಾ ಎಂಬ ಕಾಲೇಜು ಹುಡುಗಿ ಚಾರ್ಜ್ ಮುಗಿದ ತನ್ನ ವಾಚು ನೋಡಿ, "ನನ್ನ ಟೈಮೇ ನಿಂತೋಯ್ತು" ಎಂದು ನಕ್ಕಳು. ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ಚನ್ನಕೇಶವಯ್ಯ ತಲೆಯೆತ್ತಿದರು. ಕಳಸದ ಪೇಟೆಯಲ್ಲಿ ಆಯುಸ್ಸೆಲ್ಲ ಗಡಿಯಾರ ರಿಪೇರಿ ಮಾಡಿದ ಮುದುಕರು.

"ನಿಲ್ಬೇಕಾದ್ದು ನಿಂತ್ರೆ ಭಯ ಇಲ್ಲ ಮಾರಾಯ್ತಿ... ನಿಲ್ಬೇಕಾದ್ದು ನಿಲ್ದೇ ಹೋದ್ರೆ? ಹೇಳ್ತೀನಿ, ಕೇಳಿ."

ಅವರು ಹೇಳಿದ್ದು ಸುಭದ್ರಮ್ಮನ ಕತೆ.

ಸುಭದ್ರಮ್ಮನ ಗಂಡ ವಿಷ್ಣುಮೂರ್ತಿ ಮೇಷ್ಟ್ರು. ಅವರ ಮನೆಯ ಗೋಡೆಯಲ್ಲಿ ಪೆಂಡುಲಮ್ ತೂಗುವ ಹಳೆಯ ಗಡಿಯಾರವೊಂದಿತ್ತು. ಪ್ರತಿ ಭಾನುವಾರ ಸ್ನಾನ ಮುಗಿಸಿ ಬಂದು ಮೇಷ್ಟ್ರೇ ಅದಕ್ಕೆ ಕೀ ಕೊಡಬೇಕು, ಹೆಂಡತಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಒಂದು ಆಷಾಢದಲ್ಲಿ ಮೇಷ್ಟ್ರು ತೀರಿಕೊಂಡರು. ಕೀ ಮುಟ್ಟಲು ಸುಭದ್ರಮ್ಮನಿಗೆ ಮನಸ್ಸೇ ಬರಲಿಲ್ಲ. ವಾರಕ್ಕೆ ನಿಲ್ಲಬೇಕಾದ ಗಡಿಯಾರ... ನಿಲ್ಲಲಿಲ್ಲ. ಶ್ರಾವಣ ಕಳೆಯಿತು, ನವರಾತ್ರಿ ಬಂತು, ಆಗಲೂ ನಡೆಯುತ್ತಲೇ ಇತ್ತು. ಸುಭದ್ರಮ್ಮ ಹೆದರಿದರೇ? ಇಲ್ಲ. ದಿನವೂ ಅದರ ಕೆಳಗೆ ಕೂತು ಕಾಫಿ ಕುಡಿಯುತ್ತ, ಹಾಲು ಒಡೆದದ್ದನ್ನೂ ಪಕ್ಕದ ಮನೆಯ ಕುಸುಮಾಳಿಗೆ ಹೆಣ್ಣುಮಗು ಹುಟ್ಟಿದ್ದನ್ನೂ ಅದಕ್ಕೆ ಹೇಳುತ್ತಿದ್ದರು.

ದೀಪಾವಳಿಯ ಹೊತ್ತಿಗೆ ಸದ್ದು ಎಡವತೊಡಗಿತು. ಘಾಟಿ ಹತ್ತುವವರ ಉಸಿರಿನಂತೆ ಒಂದು ಟಿಕ್... ತಡೆದು ಇನ್ನೊಂದು. ಕೇಳಲಾರದೆ ಸುಭದ್ರಮ್ಮ ಚನ್ನಕೇಶವಯ್ಯನವರನ್ನು ಕರೆಸಿದರು.

ಅವರು ಡಯಲ್ಲು ಬಿಚ್ಚಿ ನೋಡಿದವರೇ ಕೈ ಹಿಂದಕ್ಕೆಳೆದುಕೊಂಡರು. ಒಳಗೆ ಸ್ಪ್ರಿಂಗು ತುಂಡಾಗಿತ್ತು. ತುಂಡಾದ ತುದಿಗೆ ತುಕ್ಕೂ ಹಿಡಿದಿತ್ತು.

"ಅಮ್ಮ, ಸುತ್ತಿಟ್ಟ ಸ್ಪ್ರಿಂಗು ಬಿಚ್ಕೊಳ್ವಾಗ ಚಕ್ರ ತಳ್ಳುತ್ತೆ. ಒಂದೇ ಸಲ ತಿರುಗಿಹೋಗದ ಹಾಗೆ ಈ ಕೊಕ್ಕೆ ಒಂದೊಂದೇ ಹಲ್ಲು ಹಿಡಿದು ಬಿಡುತ್ತೆ, ಅದೇ ಟಿಕ್ ಟಿಕ್. ಪೆಂಡುಲಮ್ ಅದಕ್ಕೆ ತಾಳ ಹಾಕುತ್ತೆ ಅಷ್ಟೆ. ಆದ್ರೆ ಇಲ್ಲಿ ತಳ್ಳೋದೇ ಇಲ್ವಲ್ಲ... ನಡೀತಿರೋದು ಹೇಗೆ?"

ಇಬ್ಬರ ಕಣ್ಣೆದುರೇ ಚಕ್ರ ನಡುಗುತ್ತ ಒಂದು ಹಲ್ಲು ಮುಂದೆ ಸರಿಯಿತು.

ಸುಭದ್ರಮ್ಮನಿಗೆ ಗೊತ್ತಾಯಿತು. ತಾನು ಸುಖವಾಗಿ ಕೇಳುತ್ತ ಕೂತಿದ್ದ ಸದ್ದಿಗೆ ಇಷ್ಟು ದಿನ ಹೆಗಲು ಕೊಟ್ಟವರು ಯಾರೆಂದು. ಹೊಸ ಸ್ಪ್ರಿಂಗು ಹಾಕಿದರೆ ಅವರು ದಣಿಯಬೇಕಿಲ್ಲ. ಆದರೆ ಆಮೇಲೆ ಅವರು ಇಲ್ಲಿ ಯಾಕಿರುತ್ತಾರೆ? ಸೆರಗು ಬಾಯಿಗೊತ್ತಿಕೊಂಡೇ ಗಡಿಯಾರದ ಹತ್ತಿರ ಹೋದರು.

"ರೀ... ಸಾಕು. ಕೈ ನೋಯುತ್ತೆ, ಬಿಡಿ. ಇನ್ಮೇಲೆ ಕೀ ನಾನೇ ಕೊಡ್ತೀನಿ."

ಪೆಂಡುಲಮ್ ನಿಂತಿತು.

ಹೊಸ ಸ್ಪ್ರಿಂಗು ಹಾಕಿದ ಮೇಲೆ ಸುಭದ್ರಮ್ಮ ಅಳುತ್ತಲೇ ಮೊದಲ ಸಲ ಕೀ ತಿರುಗಿಸಿದರು. ಅಲ್ಲಿಂದ ಮುಂದೆ ಅದು ಎಲ್ಲರ ಮನೆಯ ಗಡಿಯಾರದ ಹಾಗೆ ನಡೆಯಿತು. ಕೀ ಮರೆತ ವಾರ ನಿಂತೂ ಹೋಗುತ್ತಿತ್ತು.

"ಪಾಪ, ಮೇಷ್ಟ್ರಿಗೆ ಬಿಡುಗಡೆ ಆಯ್ತು" ಎಂದಳು ಕವನಾ.

ಚನ್ನಕೇಶವಯ್ಯ ಲೋಟ ಕೆಳಗಿಟ್ಟರು. "ನಾನೂ ಹಾಗೇ ಅಂದ್ಕೊಂಡಿದ್ದೆ. ಹೋದ ವರ್ಷ ಸುಭದ್ರಮ್ಮನೂ ಹೋದ್ರು, ಗಡಿಯಾರ ನನ್ನ ಅಂಗಡಿಗೆ ಬಂತು. ಕ್ಲೀನ್ ಮಾಡೋಣ ಅಂತ ಸ್ಪ್ರಿಂಗು ಬಿಚ್ಚಿ ಡಬ್ಬಿಗೆ ಹಾಕಿಟ್ಟೆ... ಇನ್ನೂ ಡಬ್ಬಿಯಲ್ಲೇ ಇದೆ. ನಾಳೆ ಬಂದು ನೋಡಿ ಬೇಕಾದ್ರೆ. ಗಡಿಯಾರ ಮಾತ್ರ ನಡೀತಾ ಇದೆ. ಈಗ ಎಡವೋದೂ ಇಲ್ಲ... ತಳ್ಳೋರು ಇಬ್ಬರಲ್ವಾ?"