ಎತ್ತಿನ ಸಾಹುಕಾರ ಮಾತು ಕಲಿತದ್ದು

ಇಷ್ಟು ಹೊತ್ತು ಪ್ರವಚನದಲ್ಲಿ ಮಾತು ಎಂದರೇನು, ಮೌನ ಎಂದರೇನು ಎಂದು ದೊಡ್ಡ ದೊಡ್ಡ ವಿಷಯ ಹೇಳಿದೆ. ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ, ಅರ್ಧ ಜನ ಪ್ರಸಾದದ ಉಪ್ಪಿಟ್ಟಿನ ಧ್ಯಾನದಲ್ಲಿದ್ದೀರಿ. ಆ ಕಂಬಕ್ಕೆ ಒರಗಿದ ಯಜಮಾನರಂತೂ ಸಮಾಧಿ ಸ್ಥಿತಿಗೇ ತಲುಪಿದ್ದಾರೆ, ಎಬ್ಬಿಸಬೇಡಿ. ಉಳಿದವರಿಗೆ ಒಂದು ದೃಷ್ಟಾಂತ ಹೇಳುತ್ತೇನೆ, ಕೇಳಿ.

ಒಂದು ಊರು. ದೃಷ್ಟಾಂತದ ಊರೆಂದ ಮೇಲೆ ಅಲ್ಲೊಬ್ಬ ಶ್ರೀಮಂತ ಇರಲೇಬೇಕಲ್ಲ, ಇದ್ದ. ಎತ್ತಿನ ವ್ಯಾಪಾರಿ. ಅವನ ಹೆಸರು ಬೇಡ. ಹೇಳಿದರೆ ನೀವು ನಿಮ್ಮ ಬೀಗರಲ್ಲೇ ಯಾರನ್ನೋ ಹಿಡಿದು, ಇವನೇ ಅವನು ಎಂದು ಜಗಳ ಹಚ್ಚುತ್ತೀರಿ. ಸಾಹುಕಾರ ಅನ್ನೋಣ, ಸಾಕು.

ದನದ ಸಂತೆಯಲ್ಲಿ ವ್ಯಾಪಾರ ಹೇಗೆ ನಡೆಯುತ್ತದೆ, ನೋಡಿದ್ದೀರಲ್ಲ? ಇಬ್ಬರು ಕೈ ಕೈ ಹಿಡಿಯುತ್ತಾರೆ, ಮೇಲೊಂದು ಟವೆಲು ಮುಚ್ಚುತ್ತಾರೆ. ಟವೆಲಿನ ಒಳಗೆ ಹಿಡಿದ ಬೆರಳೇ ದರ. ಪಕ್ಕದಲ್ಲಿ ನಿಂತವನಿಗೂ ಸುಳಿವು ಸಿಗಬಾರದು. ನಮ್ಮ ಸಾಹುಕಾರ ಈ ವಿದ್ಯೆಯಲ್ಲಿ ನಿಸ್ಸೀಮ. ಬಾಯಿ ಬಿಚ್ಚದೆಯೇ ಮೂರಂತಸ್ತಿನ ಮನೆ ಕಟ್ಟಿಸಿದವನು. ಮಾತಾಡಿದರೆ ತನ್ನ ಗತ್ತು ಹೋಗುತ್ತದೆ ಎಂದು ಅವನ ನಂಬಿಕೆ.

ಮನೆಯಲ್ಲೂ ಅದೇ ಕಾನೂನು. ಒಂದು ಸಲ ಕೆಮ್ಮಿದರೆ ಚಹಾ ಬರಬೇಕು. ಎರಡು ಸಲ ಕೆಮ್ಮಿದರೆ ಊಟ. ಚಿಟಿಕೆ ಹೊಡೆದರೆ ಚಪ್ಪಲಿ. ಒಮ್ಮೆ ಅವನಿಗೆ ನಿಜವಾಗಿಯೂ ನೆಗಡಿ ಕೆಮ್ಮು ಬಂತು ನೋಡಿ, ಮನೆಯ ಹೆಂಗಸರು ಚಹಾ ತಂದು, ಊಟ ತಂದು, ಮತ್ತೆ ಚಹಾ ತಂದು ಸುಸ್ತಾಗಿಹೋದರು. ಅವನಾದರೂ ಬೇಡ ಎಂದನೇ? ಬೇಡ ಅನ್ನುವುದಕ್ಕೂ ಬಾಯಿ ಬೇಕಲ್ಲ! ಕುಡಿದ, ಉಂಡ, ಕೆಮ್ಮಿದ.

ಇಂಥ ಮನೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಸಾಹುಕಾರನಿಗೆ ಹೆಸರಿಲ್ಲದಿದ್ದರೂ ನಡೆಯುತ್ತದೆ, ಮಗುವಿಗೆ ಬೇಕು, ಕರೆಯಬೇಕಲ್ಲ. ದಾನಮ್ಮ ಎಂದು ಹೆಸರಿಟ್ಟರು. ಇಟ್ಟರು ಅಷ್ಟೇ, ಕರೆಯಲಿಲ್ಲ. ಕೈ ಬೀಸಿದರೆ ಬರುತ್ತಿದ್ದಳು, ಕಣ್ಣು ಬಿಟ್ಟರೆ ಕೂರುತ್ತಿದ್ದಳು. ಗಲಾಟೆ ಇಲ್ಲ, ಹಟ ಇಲ್ಲ. ಸಾಹುಕಾರನಿಗೆ ಹೆಮ್ಮೆಯೋ ಹೆಮ್ಮೆ. ನನ್ನ ರಕ್ತ ಎಂದರೆ ಇದು ಎಂದು ಮನಸ್ಸಿನಲ್ಲೇ ಮೀಸೆ ತಿರುವಿದ.

ಇಲ್ಲೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕಿವುಡರ ಸನ್ನೆ ಭಾಷೆ ಇದೆಯಲ್ಲ, ಅದನ್ನು ಹಗುರಾಗಿ ಕಾಣಬೇಡಿ. ಅದರಲ್ಲಿ ವೇದಾಂತ ಹೇಳಬಹುದು, ಬೈಯಲೂಬಹುದು. ನಮ್ಮ ಸಾಹುಕಾರನ ಸನ್ನೆಯೋ, ಭಾಷೆಯೇ ಅಲ್ಲ, ಸೋಮಾರಿತನ.

ಒಂದು ದಿನ ಅಟ್ಟದ ಮೇಲಿನ ತಾಮ್ರದ ಹಂಡೆ ದಡದಡನೆ ಉರುಳಿ ಕೆಳಗೆ ಬಿತ್ತು. ಅಂಗಳದ ನಾಯಿ ಓಣಿ ದಾಟಿ ಓಡಿತು. ಸಾಹುಕಾರ ಕೂತಲ್ಲಿಂದ ಒಂದು ಮೊಳ ಹಾರಿದ. ಹಂಡೆಗೆ ಬೆನ್ನು ಹಾಕಿ ಬೆಲ್ಲ ನೆಕ್ಕುತ್ತಿದ್ದ ದಾನಮ್ಮ ಮಾತ್ರ ಬೆಲ್ಲ ನೆಕ್ಕುತ್ತಲೇ ಇದ್ದಳು.

"ಏನ್ ಧೈರ್ಯಾರಿ ನನ್ನ ಮೊಮ್ಮಗಳದು! ಮುಂದ ರಾಣಿ ಆಗ್ತಾಳ ನೋಡ್ರಿ!" ಎಂದು ಸಾಹುಕಾರನ ತಾಯಿ ದೃಷ್ಟಿ ತೆಗೆದಳು. ಸಾಹುಕಾರ ಸಂತೋಷಕ್ಕೆ ಕೆಮ್ಮಿದ. ಚಹಾ ಬಂತು.

ಹೆಂಡತಿ ಮಾತ್ರ ನಗಲಿಲ್ಲ. ಮಗುವಿನ ಹಿಂದೆ ನಿಂತು ಸೌಟಿನಿಂದ ತಾಟು ಬಡಿದಳು. ಹೆಸರು ಹಿಡಿದು ಕೂಗಿದಳು. ಮಗು ತಿರುಗಲಿಲ್ಲ. ಅತ್ತೆಗೆ ಹೇಳಿದರೆ ಅತ್ತೆ ಏನೆಂದಳು? ನಿಮ್ಮ ಮನೆಯ ಅತ್ತೆಯಂದಿರು ಹೇಳುವುದನ್ನೇ ಹೇಳಿದಳು.

"ನಮ್ಮ ಮನಿತನದಾಗ ಎಲ್ಲಾರಿಗೂ ಮಾತು ತಡಾನ ಬರೋದು. ನನ್ನ ಮಗಗರ ಎಲ್ಲಿ ಲಗೂನ ಬಂದಿತ್ತು?"

"ಅತ್ತಿ, ಅವರಿಗೆ ಇನ್ನೂ ಬಂದಿಲ್ರಿ," ಎಂದಳು ಸೊಸೆ. ಮಗುವನ್ನು ಕಂಕುಳಿಗೆ ಹಾಕಿಕೊಂಡು ಗಂಡನನ್ನೂ ಎಳೆದುಕೊಂಡು ದೊಡ್ಡ ಆಸ್ಪತ್ರೆಗೆ ಹೋಗಿಯೇಬಿಟ್ಟಳು.

ಪರೀಕ್ಷೆ ಮಾಡಿದ ಡಾಕ್ಟರು, ಎರಡೂ ಕಿವಿಗೆ ಕೇಳುವುದು ಬಹಳ ಕಡಿಮೆ ಎಂದರು. ಸಾಹುಕಾರನಿಗೆ ಬೆಲ್ಲ ನೆಕ್ಕುತ್ತ ಕೂತ ಮಗುವಿನ ನೆನಪಾಯಿತು. ಇಷ್ಟು ದಿನ ತಾನು ಹೆಮ್ಮೆಪಟ್ಟದ್ದು ಯಾವುದಕ್ಕೆ? ಮಗು ಕೇಳದೆ ಕೂತಿತ್ತು, ಇವನು ಅದನ್ನು ವಿಧೇಯತೆ ಎಂದುಕೊಂಡಿದ್ದ. ನಾಚಿಕೆಯಿಂದ ಅವನಿಗೆ ಅಲ್ಲಿ ಯಾರ ಮುಖವನ್ನೂ ನೋಡಲಾಗಲಿಲ್ಲ.

ಎರಡೂ ಕಿವಿಗೆ ಮಶೀನು ಹಾಕಿದರು. ಸಾಹುಕಾರನ ಲೆಕ್ಕ ಏನು? ಎತ್ತು ಕೊಂಡರೆ ಮರುದಿನ ನೇಗಿಲಿಗೆ ಹೂಡಬಹುದು, ಮಶೀನು ಕೊಂಡರೆ ಮರುದಿನ ಮಗು ಮಾತಾಡಬೇಕು. ಮನೆಗೆ ಬಂದು ಮಗುವಿನ ಎದುರು ಕೂತು, ಮೊದಲ ಮಾತೆಂದು ಗಂಭೀರವಾಗಿ ಕೆಮ್ಮಿದ. ಮಗು ಬೆಚ್ಚಿ ಚಿಟ್ಟನೆ ಚೀರಿತು. ತಂದೆಯ ಬಾಯಿಂದ ಅದು ಕೇಳಿದ ಮೊದಲ ಸದ್ದು ಕೆಮ್ಮು, ಅಳದೆ ಏನು ಮಾಡೀತು ಪಾಪ!

ಆಸ್ಪತ್ರೆಯಲ್ಲಿ ಇಂಥ ಮಕ್ಕಳಿಗೆ ಮಾತು ಕಲಿಸುವ ಟೀಚರಮ್ಮ ಗಟ್ಟಿಗಿತ್ತಿ. ಮಾತು ಕಲಿಸುವುದನ್ನೇ ಓದಿ ಬಂದವಳು. ಅವಳು ಮಗುವಿಗಿಂತ ಹೆಚ್ಚಾಗಿ ಅಪ್ಪನನ್ನೇ ಎದುರು ಕೂರಿಸಿಕೊಂಡಳು.

"ಮಶೀನು ಸಪ್ಪಳ ಮುಟ್ಟಸ್ತದ್ರಿ ಸಾಹುಕಾರ್ರ, ಸಪ್ಪಳಕ್ಕ ಅರ್ಥ ಕೊಡೋರು ನೀವು. ಏನ ಮಾಡಿದ್ರೂ ಆಕಿ ಎದುರಿಗೆ ಕುಂತು, ಬಾಯಿಬಿಟ್ಟು ಹೇಳಿಕೋತ ಮಾಡ್ರಿ. ಅಂಗಿ ಹಾಕ್ಕೋತೀರಿ, ಹೇಳ್ರಿ. ಬಾಳಿಹಣ್ಣು ಸುಲೀತೀರಿ, ಹೇಳ್ರಿ."

ಸಾಹುಕಾರ ಹೆಂಡತಿಯತ್ತ ಬೆರಳು ತೋರಿಸಿದ. ಅವಳು ಹೇಳುತ್ತಾಳೆ ಎಂದರ್ಥ.

"ಆಕಿನೂ ಹೇಳ್ತಾರ, ನೀವೂ ಹೇಳಬೇಕು. ಈಗ ಹಿಡದು ಮಾತಾಡಿಸಿದ್ರ ಮುಂದ ಓಣಿ ಹುಡುಗರ ಜೋಡಿ ಅದ ಸಾಲಿಗೆ ಹೋಗ್ತಾಳ. ಈ ವಯಸ್ಸು ಹೋತಂದ್ರ ತಿರುಗಿ ಬರಂಗಿಲ್ರಿ."

ಆ ಮಾತು ಸಾಹುಕಾರನಿಗೆ ನಾಟಿತು. ಮನೆಗೆ ಬಂದು ಒಂದು ಬಾಳೆಹಣ್ಣು ಹಿಡಿದು ಮಗುವಿನ ಎದುರು ಕೂತ. ಹಣೆಯಲ್ಲಿ ಬೆವರು. ತುಟಿ ಅಲ್ಲಾಡುತ್ತದೆ, ಸದ್ದಿಲ್ಲ. ಕೊನೆಗೂ ಬಂತು: "ಬಾಳಿ... ಹಣ್ಣು." ಒಳಗೆ ಅವನ ತಾಯಿ, ಮನೆಗೆ ಯಾರೋ ಗಂಡಸರು ಬಂದಿದ್ದಾರೆಂದು ಸೆರಗು ಸರಿಮಾಡಿಕೊಂಡಳು!

ಆಮೇಲೆ ಶುರುವಾಯಿತು ನೋಡಿ. ಕಟ್ಟೆ ಒಡೆದ ಕೆರೆ. "ಈಗ ನಾ ಸಿಪ್ಪಿ ಸುಲೀತೀನಿ. ಸಿಪ್ಪಿ ಹಳದಿ. ಹಣ್ಣು ಬೆಳ್ಳಗ. ನಾ ತಿಂತೀನಿ. ನೀ ತಿಂತೀ? ಅಯ್ಯ, ಹಣ್ಣು ಮುಗದಹೋತು!" ಹಲ್ಲುಜ್ಜುವಾಗ ಮಾತು, ಸ್ನಾನ ಮಾಡುವಾಗ ಮಾತು. ಬರಬರುತ್ತ ಚಟವೇ ಆಯಿತು, ಮಗು ಎದುರಿಗಿಲ್ಲದಾಗಲೂ ನಿಲ್ಲಲಿಲ್ಲ. ಕ್ಷೌರಿಕನ ಮುಂದೆ ಕೂತು, "ಈಗ ನಾ ಗಲ್ಲ ಉಬ್ಬಸ್ತೀನಿ," ಎಂದ. ಸಾವಿನ ಮನೆಗೆ ಮಾತಾಡಿಸಲು ಹೋಗಿ, "ಈಗ ನಾ ಚಪ್ಪಲಿ ಬಿಟ್ಟೆ. ಈಗ ಕುಂತೆ. ಈಗ ನಾ ಅಳ್ತೀನಿ," ಎಂದುಬಿಟ್ಟ. ಅಳುತ್ತಿದ್ದವರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು.

ಇನ್ನು ಸಂತೆಯ ಪಾಡು ಕೇಳಬೇಕೇ? ಒಳ್ಳೆಯ ಜೋಡಿ, ಕೈ ಕೈ ಹಿಡಿದಾಯಿತು, ಟವೆಲು ಮುಚ್ಚಿದ್ದಾಯಿತು. ಸುತ್ತ ದಲಾಲರು ಉಸಿರು ಬಿಗಿಹಿಡಿದು ನಿಂತಿದ್ದಾರೆ. ಟವೆಲಿನ ಮೇಲಿಂದ ಸಾಹುಕಾರನ ಕಂಠ ಕೇಳಿಸಿತು. "ಈಗ ನಾ ನಿಮ್ಮ ಬೆರಳು ಹಿಡೀತೀನಿ. ಎರಡು ಬೆರಳು. ಇನ್ನೊಂದು ಹಿಡೀಲ್ಯಾ? ಹಿಡದೆ!" ಇಡೀ ಸಂತೆ ಗೊಳ್ಳೆಂದು ನಕ್ಕಿತು. ಬೇರೆಯವನು ಇನ್ನೊಂದು ಬೆರಳು ಹೆಚ್ಚಿಗೆ ಹಿಡಿದು ಎತ್ತು ಹೊಡೆದುಕೊಂಡು ಹೋದ.

ಹಿರಿಯ ದಲಾಲರು ಮನೆಗೇ ಬಂದರು. "ಸಾಹುಕಾರ್ರ, ನಮ್ಮ ಧಂದೇದ ಮಾನ ಹೊಂಟೈತಿ. ಬಾಯಿಗೆ ಕೀಲಿ ಹಾಕ್ರಿ, ಇಲ್ಲಂದ್ರ ಸಂತಿಗೆ ಬರಬ್ಯಾಡ್ರಿ."

ಈಗ ಹೇಳಿ, ಅವನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ? ಸಂತೆಯಲ್ಲಿ ಅವನು ರಾಜ. ಅದನ್ನು ಬಿಟ್ಟರೆ ಊರಲ್ಲಿ ಬರೀ ವಟವಟ ಅನ್ನುವ ಗಂಡಸು.

"ಎತ್ತು ಮುಂದಿನ ವಾರಾನೂ ಬರ್ತಾವ," ಎಂದ ಸಾಹುಕಾರ. "ನನ್ನ ಮಗಳ ಈ ವಯಸ್ಸು ಬರಂಗಿಲ್ಲ." ಇನ್ನು ಸಂತೆಯ ವ್ಯಾಪಾರ ನಿನ್ನದು ಎಂದು ಟವೆಲನ್ನು ತನ್ನ ತಮ್ಮನ ಹೆಗಲಿಗೆ ಹಾಕಿ, ಮಗುವಿನ ಎದುರು ಹೋಗಿ ಕೂತ.

ಕೂತ ತಕ್ಷಣ ಫಲ ಸಿಕ್ಕಿತೇ? ಇಲ್ಲ. ತಿಂಗಳುಗಳು ಹೋದವು. ಮಗು ಮುಖ ನೋಡುತ್ತದೆ, ನಗುತ್ತದೆ, ಹೆಸರು ಕರೆದರೆ ತಿರುಗುತ್ತದೆ. ಬಾಯಲ್ಲಿ ಮಾತಿಲ್ಲ. ಓಣಿಯವರು, ಅಪ್ಪನಿಗೆ ಹುಚ್ಚು ಹಿಡಿದದ್ದಷ್ಟೇ ಲಾಭ ಎಂದರು. ಒಂದು ಸಂಜೆ ಸಾಹುಕಾರ ಕೊಟ್ಟಿಗೆಗೆ ಹೋಗಿ ಎತ್ತಿನ ಕೊರಳು ತಬ್ಬಿಕೊಂಡ. "ಈಗ ನಾ ಅಳಾಕತ್ತೀನಿ," ಎಂದು ಎತ್ತಿಗೂ ಹೇಳಿಯೇ ಅತ್ತ. ಹಿಂದೆಯೇ ಬಂದಿದ್ದ ದಾನಮ್ಮ ಎತ್ತಿನ ಕಾಲು ಮುಟ್ಟಿ ಅಪ್ಪನ ಮುಖ ನೋಡಿ, "ಎತ್ತು," ಎಂದಳು. ಅವನು ಹೇಳಿದ ಸಾವಿರ ಮಾತಿನಲ್ಲಿ ಅವಳು ತಿರುಗಿಸಿ ಕೊಟ್ಟದ್ದು ಅದೊಂದು. ಸಾಹುಕಾರ ಅತ್ತದ್ದೋ ನಕ್ಕದ್ದೋ ಎತ್ತಿಗೂ ತಿಳಿಯಲಿಲ್ಲ.

ಒಂದು ಬಂದ ಮೇಲೆ ಉಳಿದವು ಒಂದರ ಹಿಂದೆ ಒಂದು ಬಂದವು. ಶಾಲೆಯ ವಯಸ್ಸೂ ಬಂತು. ದೊಡ್ಡ ಅಕ್ಕೋರು, ಅಂದರೆ ಹೆಡ್‌ಮಿಸ್ಟ್ರೆಸ್, ಕಿವಿಯ ಮಶೀನು ನೋಡಿ ಅನುಮಾನಿಸಿದರು. "ನಮ್ಮ ಸಾಲಿಯೊಳಗ ಈ ಹುಡುಗಿಗೆ ಕಷ್ಟ ಆಗಬಹುದ್ರಿ," ಎಂದು, ಮಗುವಿನತ್ತ ತಿರುಗಿ, "ನಿನ್ನ ಹೆಸರೇನವಾ?" ಎಂದರು.

"ದಾನಮ್ಮ ಅಂತ್ರಿ!" ಸಾಹುಕಾರ ಶುರುಮಾಡಿದ. "ಈಗ ಆಕಿ ಖುರ್ಚಿ ಮ್ಯಾಲ ಕುಂತಾಳ. ಈಗ ನಿಮ್ಮನ್ನ ನೋಡಾಕತ್ತಾಳ. ಅಂಗಿ ಕೆಂಪು..."

"ಅಪ್ಪಾ," ಎಂದಳು ದಾನಮ್ಮ. "ಅಕ್ಕೋರು ನನ್ನ ಕೇಳ್ಯಾರ. ನೀ ಸುಮ್ನ ಕೂಡು."

ಅಕ್ಕೋರು ಪೆನ್ನು ಕೆಳಗಿಟ್ಟರು. "ಇಷ್ಟು ತಿಳಿಯೋ ಹುಡುಗಿಗೆ ಕಷ್ಟ ಇಲ್ಲ ಬಿಡ್ರಿ. ನಿಮ್ಮನ್ನ ಸಂಭಾಳಿಸೋದ ಕಷ್ಟ," ಎಂದು ಸೇರಿಸಿಕೊಂಡರು. ಮುಂದಿನ ಬೆಂಚು ಕೊಟ್ಟರು. ಹಲಗೆಗೆ ಮುಖ ಮಾಡಿ ಪಾಠ ಹೇಳಬೇಡಿ, ಮಕ್ಕಳ ಮುಖ ನೋಡಿ ಹೇಳಿ ಎಂದು ಉಳಿದ ಅಕ್ಕೋರಿಗೆ ತಾಕೀತು ಮಾಡಿದರು. ಅದರಿಂದ ಇಡೀ ತರಗತಿಗೇ ಪಾಠ ಅರ್ಥವಾಗತೊಡಗಿತಂತೆ, ಅದು ಬೇರೆ ಮಾತು.

ದಾನಮ್ಮ ಮೂರನೇ ತರಗತಿಯಲ್ಲಿದ್ದಾಗ ಒಂದು ದಿನ ಶಾಲೆಯಿಂದ ಕರೆ ಬಂತು. ಕೂಡಲೇ ಬನ್ನಿ, ನಿಮ್ಮ ಮಗಳ ವಿಷಯ ಮಾತಾಡಬೇಕು. ಸಾಹುಕಾರ ಇದ್ದ ಬಟ್ಟೆಯಲ್ಲೇ ಹೊರಟ. ಇವಳಿಗೆ ಇಲ್ಲಿ ಆಗುವುದಿಲ್ಲ, ಬೇರೆ ಶಾಲೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರೆ? ದಾರಿಯುದ್ದಕ್ಕೂ ಅವನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಸೋತ ಮುಖ ಹೊತ್ತು ಬಾಗಿಲಲ್ಲಿ ನಿಂತ.

"ಏನ್ರಿ ಸಾಹುಕಾರ್ರ, ನಿಮ್ಮ ಮಗಳಿಂದ ನನಗ ಪಾಠ ಮಾಡಾಕ ಆಗವಲ್ತು!" ಎಂದು ಹರಿಹಾಯ್ದರು ತರಗತಿಯ ಅಕ್ಕೋರು. "ಒಂದ ಸವನ ಮಾತು! ಲೆಕ್ಕ ಎಲ್ಲಾರಕಿಂತ ಮೊದಲ ಮಾಡಿ ಮುಗಸ್ತಾಳ, ಆಮ್ಯಾಲ ಬಾಜೂದಾಕಿ ಜೋಡಿ ಮಾತು, ಹಿಂದಿನಾಕಿ ಜೋಡಿ ಮಾತು. ಬೆಂಚಿನ ಮ್ಯಾಲ ನಿಲ್ಲಿಸಿದ್ರ ಅಲ್ಲಿಂದನೂ ಮಾತು!"

ಸಾಹುಕಾರ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಅಕ್ಕೋರ, ಇನ್ನೊಮ್ಮೆ ಹೇಳ್ರಿ."

"ಭಾಳ ಮಾತಾಡ್ತಾಳ ಅಂತೀನ್ರಿ!"

"ಇನ್ನೊಮ್ಮೆ."

ಹೊರಗೆ ಓಡಿದವನು ಪೇಢೆಯ ಬುಟ್ಟಿ ಹೊತ್ತುಕೊಂಡೇ ಬಂದ. ಮಗಳ ಮೇಲೆ ದೂರು ಬಂದಿದೆ ಎಂದು ಇಡೀ ಶಾಲೆಗೆ ಹಂಚಿದ. ಅಕ್ಕೋರ ಕೈಗೆ ಎರಡು ಹೆಚ್ಚಿಗೆ ಇಟ್ಟ. ಅಷ್ಟರಲ್ಲೂ ಬೆಂಚಿನ ಮೇಲೆ ನಿಂತೇ ಇದ್ದ ದಾನಮ್ಮ, "ಅಪ್ಪಾ, ನನಗೂ," ಎಂದಳು.

ನಗುತ್ತೀರಿ, ನಗಿ. ಕಂಬದ ಯಜಮಾನರೂ ಎದ್ದರು, ಸಂತೋಷ. ಆದರೆ ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲಿ ಹಂಡೆ ಬಿದ್ದಾಗ ಬೆಲ್ಲ ನೆಕ್ಕುವ ಮಗು ಇದೆಯೇ? ನಾಳೆ ಬೆಳಿಗ್ಗೆ ಹಿಂದೆ ನಿಂತು ಕರೆದು ನೋಡಿ. ತಿರುಗದಿದ್ದರೆ ಅತ್ತೆಯ ಮುಖ ನೋಡಬೇಡಿ, ಪಂಚಾಂಗ ನೋಡಬೇಡಿ, ನನ್ನ ಹತ್ತಿರ ತಾಯಿತ ಕೇಳಲು ಬರಬೇಡಿ. ಆಸ್ಪತ್ರೆಯ ಬಸ್ಸು ನೋಡಿ. ತಿರುಗಿದರೂ ನಿಮ್ಮದೇ ಒಂದು ಅನುಮಾನವಿದ್ದರೆ ಅದೇ ಬಸ್ಸು ಹತ್ತಿ. ದೊಡ್ಡವಳಾದ ಮೇಲೆ ನೋಡೋಣ ಎಂದು ಕೂತಿರೋ, ಆ ವರ್ಷ ಯಾವ ದೇವರೂ ತಿರುಗಿ ಕೊಡುವುದಿಲ್ಲ.

ಕಿವಿ ನೆಟ್ಟಗಿರುವ ಮಕ್ಕಳ ಅಪ್ಪಂದಿರೇ, ನೀವು ನಗಬೇಡಿ. ಇವತ್ತು ನಿಮ್ಮ ಮಗುವಿಗೆ ಏನೇನು ಹೇಳಿದಿರಿ? ಏಳು, ತಿನ್ನು, ಬರಿ, ಮಲಗು. ಎತ್ತಿಗೂ ಇದಕ್ಕಿಂತ ಹೆಚ್ಚು ಹೇಳುತ್ತಾರೆ! ಮಿಕ್ಕ ಹೊತ್ತು ಅದರ ಕೈಗೆ ಮೊಬೈಲು, ನಿಮ್ಮ ಕೈಗೆ ಇನ್ನೊಂದು. ಆ ಮೂಲೆಯ ಅಕ್ಕಂದಿರೇ, ಪ್ರವಚನದ ನಡುವೆ ನೀವು ಆಡಿದ್ದನ್ನೆಲ್ಲ ನಾನು ಕೇಳಿಸಿಕೊಂಡೆ. ಮಾತಿಗೆ ನಿಮ್ಮಲ್ಲಿ ಬರವಿಲ್ಲ. ಅದನ್ನೇ ಮಗುವಿಗೆ ಕೊಡಿ.

ಈಗ ಪ್ರಸಾದ ತೆಗೆದುಕೊಳ್ಳಿ. ಮಗುವನ್ನು ಮಡಿಲಲ್ಲಿ ಅಲ್ಲ, ಎದುರಿಗೆ ಕೂರಿಸಿಕೊಳ್ಳಿ. ಮೊದಲ ತುತ್ತು ಎತ್ತುವ ಮುಂಚೆ ಅದರ ಮುಖ ನೋಡಿ, ಇದು ಉಪ್ಪಿಟ್ಟು ಎಂದು ಬಾಯಿಬಿಟ್ಟು ಹೇಳಿ. ಪಕ್ಕದವರು ನಗಲಿ, ನೀವು ಹೇಳಿ.