ಉಪಮುಖ್ಯಮಂತ್ರಿಗಳ ಡ್ರೈವರು

ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಉಪಮುಖ್ಯಮಂತ್ರಿಗಳ ಡ್ರೈವರೂ ಅವನ ಅಕ್ಕನೂ ನನ್ನ ಪಕ್ಕದಲ್ಲೇ ಕೂತಿದ್ದರು. ಮಾತು ಕಿವಿಗೆ ಬಿತ್ತು.

“ಪೊಲೀಸರು ಗುಂಡು ಹಾರಿಸಿದ ಊರಿಗಾ? ಮುಖ್ಯಮಂತ್ರಿ ಯಾಕೆ ಹೋಗಲ್ಲ?”

“ಅವರು ಹೋಗದ ಕಡೆಗೆ ಹೋಗೋಕೇ ನಮ್ಮ ಸಾಹೇಬರಿರೋದು. ಹಾರಕ್ಕೆ ಅವರ ಕೊರಳು, ಕಲ್ಲಿಗೆ ನಮ್ಮ ಗಾಜು.”

“ನಗಬೇಡ್ವೋ. ಮೊನ್ನೆ ಅಲ್ಲಿಗೆ ಹೋದ ಜೀಪಿನ ಡ್ರೈವರಿಗೆ ಕಣ್ಣೇ ಹೋಯ್ತಂತೆ. ಜ್ವರ ಅಂತ ರಜೆ ಹಾಕೋ, ನಿನ್ನ ದಮ್ಮಯ್ಯ.”

“ಹಾಕಿದ್ರೆ ಬದಲಿ ಡ್ರೈವರ್ ಹೋಗ್ಬೇಕು.”

“ಹೋಗ್ಲಿ ಬಿಡು. ಯಾರವನು?”

“ನಿನ್ನ ಗಂಡ. ಭಾವ ನಿನಗೆ ಹೇಳಲಿಲ್ವಾ?”

ಬಸ್ಸು ಬಂತು. ತಮ್ಮ ಮೆಟ್ಟಿಲ ಮೇಲೆ ನಿಂತು ತಿರುಗಿ ನೋಡಿದ. ಬೇಡ ಅಂತ ಅಕ್ಕ ಅನ್ನಲಿಲ್ಲ. ಹೋಗಿ ಬಾ ಅನ್ನಲೂ ಬಾಯಿ ಬರಲಿಲ್ಲ.